ಅತ್ತೆಗೆ ಕಿವಿ ಬರುತ್ತಿರಲಿಲ್ಲ

ಪರಪುರುಷರನ್ನು ಎವೆಯಿಕ್ಕದೆ ನೋಡುವ ಚಾಳಿ ನನ್ನ ಅತ್ತೆಗಿತ್ತು. ಇದು ಸೊಸೆಯೊಬ್ಬಳು ಬೆನ್ನ ಹಿಂದೆ ಆಡುವ ಚಾಡಿಮಾತು ಎಂದು ತಿಳಿಯಬೇಡಿ. ಪುತ್ತೂರು ಪೇಟೆಗೆ ಪೇಟೆಯೇ ತಿಳಿದಿದ್ದ ಸಂಗತಿ ಇದು. ನನ್ನ ಮಾವನಿಗೂ ಗೊತ್ತಿತ್ತು. ಗೊತ್ತಿದ್ದದ್ದು ಮಾತ್ರವಲ್ಲ, ಅತ್ತೆ ನೋಡಿ ಮುಗಿಸಲಿ ಎಂದು ಎಷ್ಟೋ ಸಲ ಅವರೇ ಪಕ್ಕದಲ್ಲಿ ಕಾದು ನಿಂತದ್ದುಂಟು!

ನಮ್ಮದು ಜವಳಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಹೂವಿನ ಪರದೆ. ಅತ್ತೆ ಆ ಪರದೆಯನ್ನು ಒಂದು ಗೇಣು ಸರಿಸಿ ನಿಂತರೆಂದರೆ ಅಂಗಡಿಗೆ ಬಂದವರ ಗತಿ ಮುಗಿಯಿತು. ಹಣೆಯಿಂದ ಹೊರಟ ಅವರ ನೋಟ ಹುಬ್ಬಿನ ಮೇಲೆ ತುಸು ದಣಿವಾರಿಸಿಕೊಂಡು, ಮೂಗಿನ ಏಣಿ ಇಳಿದು, ಮೀಸೆಯ ಪೊದೆಯಲ್ಲಿ ದಾರಿ ತಪ್ಪಿ, ಹೇಗೋ ಗಲ್ಲ ತಲುಪಿ, ಅಲ್ಲಿಂದ ಮತ್ತೆ ಮೇಲಕ್ಕೆ ಹತ್ತುತ್ತಿತ್ತು. ಪಂಚೆ ಕೊಳ್ಳಲು ಬಂದ ಗಂಡಸು ಮೊದಲು ಅಂಗಿಯ ಗುಂಡಿ ನೋಡಿಕೊಳ್ಳುತ್ತಿದ್ದ. ಗುಂಡಿ ಸರಿಯಾಗಿಯೇ ಇದೆ. ಮೀಸೆ ಸವರಿಕೊಳ್ಳುತ್ತಿದ್ದ. ಅಲ್ಲೂ ಏನೂ ಅಂಟಿಲ್ಲ. ಕಡೆಗೆ ಬೆವರುತ್ತಿದ್ದ. ಬೆವರಿದರೆ ಅತ್ತೆಗೆ ಮತ್ತಷ್ಟು ಖುಷಿ. ಬೆವರಿದ ಹಣೆಯ ಮೇಲೆ ಬೆಳಕು ಚೆನ್ನಾಗಿ ಕೂರುತ್ತದಂತೆ!

ಒಮ್ಮೆ ಪೊಲೀಸಿನ ಹವಾಲ್ದಾರರೊಬ್ಬರು ಮಗಳಿಗೆ ಲಂಗದ ಬಟ್ಟೆ ಕೊಳ್ಳಲು ಬಂದರು. ಎಂಥೆಂಥ ಕಳ್ಳರನ್ನು ಬರೀ ದಿಟ್ಟಿಸಿ ನೋಡಿಯೇ ಬಾಯಿ ಬಿಡಿಸಿದವರೆಂದು ಅವರಿಗೆ ಹೆಸರು. ಅತ್ತೆ ಪರದೆ ಸರಿಸಿದರು. ಹವಾಲ್ದಾರರು ಸ್ವಲ್ಪ ಹೊತ್ತು ತಡೆದುಕೊಂಡರು, ಕೆಮ್ಮಿದರು, ಟೊಪ್ಪಿ ತೆಗೆದರು, ಮತ್ತೆ ಹಾಕಿದರು.

"ಎಂತಮ್ಮಾ, ನನ್ನಿಂದ ಎಂತಾದ್ರೂ ತಪ್ಪಾಯ್ತಾ?"

"ತಪ್ಪೆಂತ ಇಲ್ಲ. ಸ್ವಲ್ಪ ಬಲಕ್ಕೆ ತಿರುಗಿ" ಎಂದರು ಅತ್ತೆ.

ತಿರುಗಿದರು ನೋಡಿ!

"ಇವಳು ನೋಡುವಾಗ ಗಿರಾಕಿ ಹಂದಾಡುದಿಲ್ಲ ಮಾರಾಯ್ರೆ. ಚೌಕಾಸಿಗೆ ಬಾಯಿಯೇ ಬರುದಿಲ್ಲ" ಎಂದು ಮಾವ ಪಕ್ಕದ ಅಂಗಡಿಯವರ ಹತ್ತಿರ ಹೇಳುತ್ತಿದ್ದರು. ಅವರೂ ವ್ಯಾಪಾರಿ. ಹೆಂಡತಿಯ ಚಾಳಿಯಲ್ಲೂ ಲಾಭ ಕಾಣದಿದ್ದರೆ ಅವರು ವ್ಯಾಪಾರಿ ಹೇಗಾದಾರು?

ಇಷ್ಟಕ್ಕೂ ನನ್ನ ಅತ್ತೆಗೆ ಹಿಡಿದಿದ್ದ ಹುಚ್ಚು ಗಂಡಸರದ್ದಲ್ಲ, ಮುಖಗಳದ್ದು. ಮುಖಗಳನ್ನು ಎಣ್ಣೆಬಣ್ಣದಲ್ಲಿ ಬರೆಯುವ ಹುಚ್ಚು. ಅದೂ ಯಾವ ವಯಸ್ಸಿನಲ್ಲಿ ಹಿಡಿದದ್ದು ಎನ್ನುತ್ತೀರಿ? ಸೊಸೆ ಬಂದು, ಅಡುಗೆಮನೆಯನ್ನು ಅವಳ ಕೈಗೆ ಕೊಟ್ಟು, ಇನ್ನು ರಾಮಾ ಕೃಷ್ಣಾ ಎಂದು ಬತ್ತಿ ಹೊಸೆಯುತ್ತಾ ಕೂರುವುದೆಂದು ಲೋಕ ನಿಶ್ಚಯಿಸಿದ ವಯಸ್ಸಿನಲ್ಲಿ! ಸೊಸೆಯಾಗಿ ಬಂದವಳು ನಾನೇ ಆದ್ದರಿಂದ ಈ ಹುಚ್ಚಿಗೆ ನಾನೇ ಕಾರಣ ಎಂದು ನಂಟರಿಷ್ಟರಲ್ಲಿ ಕೆಲವರು ಹೇಳುವುದಿತ್ತು. "ಅಡುಗೆ ಕೆಲಸ ಬಿಡಿಸಿದ್ದಕ್ಕೆ ತಲೆ ಹೀಗಾಯ್ತು" ಎಂದು.

ಆದದ್ದು ಇಷ್ಟು. ನಾನು ಮದುವೆಯಾಗಿ ಬಂದ ಮರುವರ್ಷದ ಬೇಸಿಗೆಯಲ್ಲಿ ನಾಟಕದ ಕಂಪೆನಿಯೊಂದು ಪುತ್ತೂರಿನಲ್ಲಿ ಡೇರೆ ಹಾಕಿತು. ಅದರ ಪರದೆಗಳನ್ನು ಬರೆಯುವ ಪೈಂಟರು ಉಪ್ಪಿನಂಗಡಿ ಕಡೆಯವರು. ಉದ್ದ ಕೂದಲು, ಕೋಲಿಗೆ ಅಂಗಿ ತೊಡಿಸಿದಂಥ ಮೈ. ಪರದೆಗೆ ಬೇಕಾದ ಬಟ್ಟೆಯನ್ನು ನಮ್ಮ ಅಂಗಡಿಯಿಂದಲೇ ಒಯ್ಯುತ್ತಿದ್ದರು. ಊರಿನ ಅಕ್ಕಿಗಿರಣಿಯ ಸಾಹುಕಾರರು ಅವರಿಂದ ತಮ್ಮದೊಂದು ಎಣ್ಣೆಚಿತ್ರ ಬರೆಸಿಕೊಂಡರು. ಡೇರೆಯಲ್ಲಿ ಧೂಳು ಹಿಡಿಯುತ್ತದೆಂದು ಪೈಂಟರು ಆ ಹಸಿ ಚಿತ್ರವನ್ನು ಒಣಗಲು ನಮ್ಮ ಜಗಲಿಯಲ್ಲಿ ತಂದು ಇಟ್ಟರು.

ಮಧ್ಯಾಹ್ನ ಊಟ ಮುಗಿದು ಎಲ್ಲರೂ ಅಡ್ಡಾಗಿದ್ದ ಹೊತ್ತು. ನಾನು ಎಂಜಲು ತೆಗೆದು ಹೊರಗೆ ಬಂದರೆ ಅತ್ತೆ ಚಿತ್ರದ ಎದುರು ನಿಂತಿದ್ದಾರೆ. ನೋಡನೋಡುತ್ತಿದ್ದಂತೆ ಬೆರಳು ಚಾಚಿ ಸಾಹುಕಾರರ ಕೆನ್ನೆಯನ್ನು ಒಮ್ಮೆ ಒತ್ತಿದರು! ನಾನು "ಅಯ್ಯೋ ಅತ್ತೆ!" ಎನ್ನುವಷ್ಟರಲ್ಲಿ ಬೆರಳ ತುದಿಗೆ ಬಣ್ಣ ಬಂದಿತ್ತು, ಕೆನ್ನೆಯಲ್ಲಿ ಒಂದು ಗುಳಿ ಬಿದ್ದಿತ್ತು. ಅತ್ತೆಗೆ ಅದರ ಪರಿವೆಯೇ ಇಲ್ಲ. ನನ್ನ ಕಡೆ ತಿರುಗಿದ ಅವರ ಮುಖ, ಕದ್ದು ಜೇನು ತಿಂದ ಹುಡುಗಿಯದ್ದು.

"ಇದು ಚಿತ್ರ ಅಲ್ಲ ಮಾರಾಯ್ತಿ. ಇದಕ್ಕೆ ಚರ್ಮ ಉಂಟು!"

ಸಂಜೆ ಪೈಂಟರು ಗುಳಿಯನ್ನು ಕಂಡು ತಲೆಗೆ ಕೈ ಹೊತ್ತರು. ತಿದ್ದಲು ಕೂತಿದ್ದಾಗಲೇ ಸಾಹುಕಾರರ ಸವಾರಿ ಬಂತು. ಚಿತ್ರವನ್ನು ಅಡ್ಡ ನೋಡಿದರು, ಉದ್ದ ನೋಡಿದರು. "ಗುಳಿ ಇರ್ಲಿ. ಅದರಲ್ಲಿ ಒಂದು ಕಳೆ ಉಂಟು" ಎಂದರು. ಅಷ್ಟು ಮಾತ್ರವಲ್ಲ, ಮುಂದೆ ಅವರು ನಗುವಾಗಲೆಲ್ಲ ಎಡಗೆನ್ನೆಯನ್ನು ಒಳಗೆ ಎಳೆದುಕೊಂಡು, ಇಲ್ಲದ ಗುಳಿಯನ್ನು ತರಿಸುವ ಅಭ್ಯಾಸ ಮಾಡಿಕೊಂಡರು. ಅತ್ತೆಯ ಮೊದಲ ಕಲಾಕೃತಿ ಎಂದರೆ ಆ ಗುಳಿಯೇ.

ಮರುದಿನ ಅತ್ತೆ ಪೈಂಟರನ್ನು ಕರೆದು, "ನನಗೆ ಇದನ್ನು ಕಲಿಸ್ಬೇಕು" ಎಂದರು. ಪೈಂಟರು ಮಾವನ ಮುಖ ನೋಡಿದರು. ಮಾವ ತಲೆಯೆತ್ತಿ ಅಂಗಡಿಯ ಮಾಡು ನೋಡಿದರು. ನನ್ನ ಗಂಡ ನನ್ನನ್ನು ನೋಡಿದರು. ಗಂಡಸರೆಲ್ಲ ಹೀಗೆ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದಾಗ ಅತ್ತೆ ಒಳಗೆ ಹೋಗಿ, ಹಳೆಯ ಸೀರೆ ಉಟ್ಟು, ಸೆರಗು ಸಿಕ್ಕಿಸಿಕೊಂಡು ಬಂದು ಕೂತುಬಿಟ್ಟರು. ಪಾಠ ಶುರುವಾಯಿತು.

ಜಗಲಿಯಲ್ಲಿ ಪಾಠ. ಊರಿನ ಬಾಯಿಗೆ ಬೀಗ ಹಾಕಲು ಮಾವ ಪಕ್ಕದಲ್ಲೇ ಎಲೆಅಡಿಕೆ ಹರಿವಾಣ ಇಟ್ಟುಕೊಂಡು ಕಾವಲು ಕೂರುತ್ತಿದ್ದರು. ಎರಡನೆಯ ಕವಳಕ್ಕೆ ಅವರ ಗೊರಕೆ ಕೇಳಿಸುತ್ತಿತ್ತು. ಪೈಂಟರು ಮೊದಲ ದಿನ ಒಂದು ಬದನೆಕಾಯಿ ತಂದು ಮಣೆಯ ಮೇಲಿಟ್ಟರು.

"ಇದೆಂತಕ್ಕೆ?" ಅತ್ತೆ ಕೇಳಿದರು.

"ಇದನ್ನು ಬರೆಯುದು."

"ನಾನು ಮುಖ ಬರೀಬೇಕು ಅಂತ ಹೇಳಿದ್ದು."

"ಬದನೆಕಾಯಿಯ ಹೊಳಪು ಸಿಕ್ಕಿದ್ರೆ ಮೂಗಿನ ಹೊಳಪು ಸಿಕ್ತದೆ ಅಮ್ಮಾ."

ಆ ಬದನೆಕಾಯಿ ಮಣೆಯ ಮೇಲೆ ಎಷ್ಟು ದಿನ ಇತ್ತೋ! ಮುಟ್ಟುವ ಹಾಗಿಲ್ಲ, ಸರಿಸುವ ಹಾಗಿಲ್ಲ, ಪಲ್ಯ ಮಾಡುವುದಂತೂ ದೂರವೇ ಉಳಿಯಿತು. ಅತ್ತೆ ಬರೆದು ಮುಗಿಸುವಾಗ ಚಿತ್ರದ ಬದನೆಕಾಯಿ ತಾಜಾ ಆಗಿ ಹೊಳೆಯುತ್ತಿತ್ತು, ಮಣೆಯ ಮೇಲಿನದ್ದು ಸುಕ್ಕುಗಟ್ಟಿ ಮುದುಕಿಯಾಗಿತ್ತು. "ನೋಡಿದ್ಯಾ, ನನ್ನದೇ ಬಾಳಿಕೆಯದ್ದು!" ಎಂದು ಅತ್ತೆ ಬೀಗಿದರು.

ಬದನೆಕಾಯಿ ಆದ ಮೇಲೆ ಕಣ್ಣು, ಕಣ್ಣಾದ ಮೇಲೆ ಮೂಗು, ಮೂಗಾದ ಮೇಲೆ ತುಟಿ. ಕಣ್ಣಿಗೆ ಕೆಲಸದ ಹೆಂಗಸಿನ ಕಣ್ಣು, ಮೂಗಿಗೆ ಅಂಗಡಿಯ ಗುಮಾಸ್ತರ ಮೂಗು, ತುಟಿಗೆ ಮಲಗಿದ್ದ ಮಾವನದ್ದೇ ತುಟಿ. ಹೀಗೆ ಬಿಡಿಭಾಗಗಳು ಗೋಡೆ ತುಂಬ ತೂಗಾಡತೊಡಗಿದವು. ನೀರು ಕುಡಿಯಲು ಒಳಗೆ ಬಂದವರು ಗೋಡೆಯಲ್ಲಿ ಬರೀ ಕಣ್ಣುಗಳು ತಮ್ಮನ್ನೇ ನೋಡುವುದನ್ನು ಕಂಡು ನೀರು ಬೇಡವೆಂದು ಹೋದದ್ದುಂಟು.

ಸಾಮಾನುಗಳ ಕತೆಯೇ ಬೇರೆ. ಬಟ್ಟೆಗೆ ಬರವಿರಲಿಲ್ಲ. ಅಂಗಡಿಯ ಕೋರಾ ಬಟ್ಟೆಯ ಥಾನುಗಳು ಇದ್ದಕ್ಕಿದ್ದಂತೆ ತೆಳ್ಳಗಾಗತೊಡಗಿದವು. ಆ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಬಡಗಿಗಳು ಬಳಸುವ ಸರೇಸೆಂಬ ಅಂಟನ್ನು ಕಾಯಿಸಿ ಸೀಮೆಸುಣ್ಣದ ಹುಡಿಯೊಂದಿಗೆ ಬಳಿಯಬೇಕು. ಸರೇಸು ಕುದಿಯುವ ವಾಸನೆಗೆ ಪೂಜೆಗೆ ಬಂದ ಭಟ್ಟರು ಮೂಗು ಮುಚ್ಚಿಕೊಂಡು ಮಂತ್ರ ಹೇಳಿದರು. ಅಷ್ಟೂ ಮಂತ್ರ ಮೂಗಿನಲ್ಲೇ ಹೊರಟಿತು. ಅಗಸೆ ಎಣ್ಣೆ ಮತ್ತು ಟರ್ಪೆಂಟೈನು ಅಡುಗೆಮನೆಯ ಕಪಾಟಿನಲ್ಲಿ ತೆಂಗಿನೆಣ್ಣೆಯ ಪಕ್ಕದಲ್ಲೇ ಸೇರಿಕೊಂಡವು. ನನ್ನ ಜೀವ ಕೈಯಲ್ಲಿತ್ತು. ಹಪ್ಪಳ ಕರಿಯುವ ಮೊದಲು ನಾನು ಎಣ್ಣೆಯನ್ನು ಮೂಸಿ ನೋಡುವ ಅಭ್ಯಾಸ ಬಿಟ್ಟದ್ದು ತೀರ ಇತ್ತೀಚೆಗೆ.

ಮಾವ ಒಮ್ಮೆ ಸಿಟ್ಟಿನಿಂದ, "ಈ ಬಾಟ್ಲಿಯನ್ನು ಬಾವಿಗೆ ಬಿಸಾಡ್ತೇನೆ" ಎಂದು ಟರ್ಪೆಂಟೈನಿಗೆ ಕೈ ಹಾಕಿದರು. ಬಾಗಿದಲ್ಲೇ ಮೊಣಕಾಲು ಹಿಡಿದುಕೊಂಡಿತು. ಅತ್ತೆ ಅದೇ ಬಾಟ್ಲಿಯಿಂದ ನಾಲ್ಕು ಹನಿ ಹಾಕಿ ತಿಕ್ಕಿದರು. ಮಾವ ಎದ್ದು ನಡೆದರು! ಅಂದಿನಿಂದ ನನ್ನ ಗಂಡ ಅಂಗಡಿಯ ಖರೀದಿಗೆ ಮಂಗಳೂರಿಗೆ ಹೊರಟಾಗಲೆಲ್ಲ ಮಾವನೇ ಕೂಗಿ ಹೇಳುತ್ತಿದ್ದರು: "ಎರಡು ಬಾಟ್ಲಿ ತಾ. ಒಂದು ಚಿತ್ರಕ್ಕೆ, ಒಂದು ಕಾಲಿನ ಗಂಟಿಗೆ."

ಹೀಗೆ ವಿದ್ಯೆ ಗಲ್ಲದವರೆಗೆ ಬಂದಿತ್ತು. "ಮುಂದಿನ ವಾರ ಕಿವಿ" ಎಂದು ಹೇಳಿ ಹೋದ ಪೈಂಟರು ಮುಂದಿನ ವಾರ ಬರಲಿಲ್ಲ. ನಾಟಕದ ಕಂಪೆನಿ ಡೇರೆ ಕಿತ್ತು ಸುಳ್ಯಕ್ಕೆ ಹೊರಟುಹೋಗಿತ್ತು. ಜೊತೆಗೆ ಪೈಂಟರೂ, ಪೈಂಟರ ಜೊತೆ ಕಿವಿಯೂ!

ಅತ್ತೆ ಒಂದು ದಿನ ಮಂಕಾಗಿ ಕೂತರು. ಆಮೇಲೆ ಕಿವಿಯಿಲ್ಲದೆಯೂ ಲೋಕ ನಡೆಯುತ್ತದೆಂದು ತೀರ್ಮಾನಿಸಿ ಪೂರ್ತಿ ಮುಖಗಳಿಗೆ ಇಳಿದರು. ಮೊದಲು ಕೂತದ್ದು ಬೆಟ್ಟಂಪಾಡಿಯ ಅವರ ಅಣ್ಣ. ಫೋಟೊ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆಂದು ಜೀವಮಾನದಲ್ಲಿ ಕ್ಯಾಮರಾದ ಎದುರು ನಿಲ್ಲದವರು ಅವರು. ಆದರೆ ಎಣ್ಣೆಚಿತ್ರ ಎಂದ ಕೂಡಲೇ ಒಪ್ಪಿದರು. "ಎಣ್ಣೆ ಆದ್ರೆ ಅಡ್ಡಿ ಇಲ್ಲ. ಎಣ್ಣೆ ಹಚ್ಚಿದ್ರೆ ಆಯುಷ್ಯ ಹೆಚ್ಚು ಅಂತಲೇ ಉಂಟಲ್ಲ!"

ಅತ್ತೆ ಅವರ ತಲೆಗೆ ಕಿವಿ ಮುಚ್ಚುವ ಹಾಗೆ ಮುಂಡಾಸು ಸುತ್ತಿ ಕೂರಿಸಿದರು. ಚಿತ್ರ ಮುಗಿಯಿತು. ಅಣ್ಣ ಹತ್ತಿರ ಬಂದು ಮೂಗಿನ ಪಕ್ಕವನ್ನು ಉಗುರಿನಿಂದ ಕೆರೆಯಲು ಹೋದರು.

"ಇದೆಂತ, ನೊಣ ಅಂಟಿದ್ದಾ?"

"ನೊಣ ಅಲ್ಲ ಅಣ್ಣ. ಅದು ನಿನ್ನ ನರಹುಲಿ."

"ತೆಗಿ ಅದನ್ನು."

"ನೀನು ಮೊದಲು ತೆಗಿ. ಮತ್ತೆ ನಾನು ತೆಗಿತೇನೆ."

ಅಣ್ಣ ಸಿಟ್ಟಾಗಿ ಹೋದರು. ತಿಂಗಳು ಕಳೆದ ಮೇಲೆ ಬಂದವರು ಬಾಗಿಲಲ್ಲೇ ನಿಂತು ಮೂಗು ತೋರಿಸಿದರು. ಡಾಕ್ಟರರ ಹತ್ತಿರ ಹೋಗಿ ನರಹುಲಿ ಸುಡಿಸಿಕೊಂಡು ಬಂದಿದ್ದರು! ಅತ್ತೆ ಮಾತು ತಪ್ಪುವವರಲ್ಲ. ಕೂಡಲೇ ಕುಂಚ ತೆಗೆದುಕೊಂಡು ಚಿತ್ರದ್ದನ್ನೂ ತೆಗೆದರು. ಕನ್ನಡಿ ಮಾಡಲಾಗದ್ದನ್ನು, ಅವರ ಹೆಂಡತಿ ಜೀವಮಾನವಿಡೀ ಹೇಳಿ ಮಾಡಿಸಲಾಗದ್ದನ್ನು ಅತ್ತೆಯ ಕುಂಚ ಮಾಡಿತ್ತು.

ಆದರೆ ಕಿವಿಯ ಕೊರತೆಯನ್ನು ಎಷ್ಟು ದಿನ ಮುಚ್ಚಿಡುವುದು? ಗಂಡಸರಿಗೆಲ್ಲ ಮುಂಡಾಸು, ಹೆಂಗಸರಿಗೆಲ್ಲ ತಲೆಯ ಮೇಲೆ ಸೆರಗು, ಮಕ್ಕಳಿಗೆ ಕುಲಾವಿ. ಮಾವನಿಗೆ ಮಫ್ಲರು! ಪುತ್ತೂರಿನ ಸೆಕೆಯಲ್ಲಿ ಮಫ್ಲರು ಸುತ್ತಿಕೊಂಡ ಮಾವ ಗೋಡೆಯ ಮೇಲಿಂದ ನೋಡುತ್ತಿದ್ದರೆ ನೋಡಿದವರಿಗೇ ಬೆವರು ಬರುತ್ತಿತ್ತು. ಮನೆಗೆ ಬಂದ ಒಬ್ಬರು ಸಾಲು ಚಿತ್ರಗಳನ್ನು ಕಂಡು ಗೌರವದಿಂದ ಕೇಳಿದರು: "ನಿಮ್ಮ ಸಂಬಂಧಿಕರೆಲ್ಲ ಮಡಿಕೇರಿ ಕಡೆಯವರಾ?"

ಆ ಮಾತು ಅತ್ತೆಗೆ ನಾಟಿತು. ನಾಟಕದ ಕಂಪೆನಿ ಸುಳ್ಯದಿಂದ ಕಡಬಕ್ಕೆ ಬಂದಿದೆಯೆಂದು ಯಾರೋ ಹೇಳಿದ್ದೇ ತಡ, "ಹೊರಡು" ಎಂದರು ನನಗೆ.

"ಎಲ್ಲಿಗೆ ಅತ್ತೆ?"

"ಕಿವಿ ತರ್ಲಿಕ್ಕೆ."

ಪುತ್ತೂರಿನಿಂದ ಉಪ್ಪಿನಂಗಡಿ, ಅಲ್ಲಿ ಬಸ್ಸು ಬದಲಿಸಿ ಕಡಬ. ಉಪ್ಪಿನಂಗಡಿಯಲ್ಲಿ ಬಸ್ಸು ಹತ್ತಿ ಕೂತ ಕೂಡಲೇ ಅತ್ತೆ ನನ್ನ ತೊಡೆ ಚಿವುಟಿದರು. ಕಣ್ಣು ಅಗಲವಾಗಿತ್ತು.

"ನೋಡು! ಎಂತ ಕಾಣ್ತದೆ?"

"ಎಂತ ಇಲ್ಲ. ಬೋಳು ತಲೆ."

"ಸರಿ ನೋಡು ಮಾರಾಯ್ತಿ. ಕಿವಿ! ಸಾಲು ಸಾಲು ಕಿವಿ!"

ಹೌದಲ್ಲ! ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರಿಗೆ ಲೋಕವೆಂದರೆ ಬರೀ ಕಿವಿಗಳು. ಅಗಲ ಕಿವಿ, ಚೂಪು ಕಿವಿ, ಬೀಡಿ ಸಿಕ್ಕಿಸಿಕೊಂಡ ಕಿವಿ. ಅತ್ತೆ ಚೀಲದಿಂದ ಸೀರೆಪೆಟ್ಟಿಗೆಯ ರಟ್ಟು, ಇದ್ದಿಲು ತೆಗೆದರು. ನಮ್ಮ ಮುಂದಿನ ಸೀಟಿನಲ್ಲಿ ಕೂತಿದ್ದವರು ಕೊಲ್ಲಮೊಗ್ರಿನ ಗೌಡರೊಬ್ಬರು, ಸಂತೆ ಮುಗಿಸಿ ಮೆಣಸಿನ ಚೀಲದೊಂದಿಗೆ ಊರಿಗೆ ಹೊರಟವರು. ಅವರ ಕಿವಿ ದೇವರು ಪುರುಸೊತ್ತಿನಲ್ಲಿ ಮಾಡಿದ್ದು. ದೊಡ್ಡದು, ಮಡಿಕೆ ಮಡಿಕೆಯಾದದ್ದು, ಹಾಲೆಯಲ್ಲಿ ಒಂದು ಚಿನ್ನದ ಟಿಕ್ಕಿ. ಅತ್ತೆ ಮುಂದಕ್ಕೆ ಬಾಗಿ ಬರೆಯತೊಡಗಿದರು. ಎಷ್ಟು ಬಾಗಿದರೆಂದರೆ ಅವರ ಉಸಿರು ಆ ಕಿವಿಗೆ ತಾಗುತ್ತಿತ್ತು. ಗೌಡರು ನೊಣವೆಂದು ತಿಳಿದು ಎರಡು ಸಲ ಕೈ ಬೀಸಿದರು. ಅಷ್ಟರಲ್ಲಿ ಬಸ್ಸು ಒಂದು ಹೊಂಡಕ್ಕೆ ಇಳಿಯಿತು. ರಟ್ಟಿನ ಮೇಲೆ ಎಳೆಯಬೇಕಾದ ಗೆರೆಯನ್ನು ಇದ್ದಿಲು ಗೌಡರ ಕಿವಿಯ ಹಿಂದೆಯೇ ಎಳೆಯಿತು!

ಗೌಡರು ಗಕ್ಕನೆ ತಿರುಗಿದರು. "ನನ್ನ ಕೆಮಿಲಿ ಎಂಥ ಉಟ್ಟಕ್ಕಾ?" ಎಂದು ಅರೆಭಾಷೆಯಲ್ಲಿ ಕೇಳಿದರು. ಕೆಮಿ ಎಂದರೆ ಕಿವಿ.

"ಎಂತ ಇಲ್ಲ. ನಿಮ್ಮ ಕಿವಿ ಭಾರೀ ಒಳ್ಳೆದುಂಟು" ಎಂದರು ಅತ್ತೆ.

ನನಗೆ ಬಸ್ಸಿನಿಂದ ಹಾರುವ ಎನಿಸಿತು. ಅತ್ತೆ ಮಾತ್ರ ಸಮಾಧಾನವಾಗಿ ರಟ್ಟನ್ನು ಅವರ ಎದುರು ಹಿಡಿದರು. ಗೌಡರು ನೋಡಿದರು. ಮೆಲ್ಲನೆ ಕೈಯೆತ್ತಿ ತಮ್ಮ ಕಿವಿ ಮುಟ್ಟಿದರು, ಚಿತ್ರದ ಕಿವಿ ನೋಡಿದರು, ಮತ್ತೆ ಮುಟ್ಟಿದರು. ಹುಟ್ಟಿದಂದಿನಿಂದ ಹೊತ್ತುಕೊಂಡು ತಿರುಗುತ್ತಿದ್ದೇನೆ, ಬದಿಯಿಂದ ಹೇಗೆ ಕಾಣುತ್ತದೆಂದು ಇವತ್ತೇ ನೋಡಿದ್ದು ಎಂದು ಅವರು ಪಕ್ಕದವರಿಗೆ ಹೇಳಿದರು. ಪಕ್ಕದವರಿಗೂ ತಮ್ಮ ಕಿವಿ ನೋಡುವ ಆಸೆಯಾಯಿತು. ರಟ್ಟು ಕೈಯಿಂದ ಕೈಗೆ ಹೋಯಿತು. ಬೀಡಿಯವರು ಬೀಡಿ ತೆಗೆದು ಕಿವಿ ಒರೆಸಿಕೊಂಡು ತಯಾರಾದರು. ಕಂಡಕ್ಟರರು ಟಿಕೆಟು ಹರಿಯುವುದನ್ನು ಬಿಟ್ಟು, "ನಂದೂ ಒಂದು ಬರೀರಿ ಅಮ್ಮಾ" ಎಂದು ತಲೆ ಬಾಗಿಸಿ ನಿಂತರು. ಡ್ರೈವರಿಗೆ ಮಾತ್ರ ಈ ಆಸೆ ಬಾರದಿರಲಿ ಎಂದು ನಾನು ಸುಬ್ರಹ್ಮಣ್ಯ ದೇವರಿಗೆ ಹರಕೆ ಹೊತ್ತೆ. ಕಡಬದಲ್ಲಿ ಇಳಿಯುವಾಗ ಅತ್ತೆಯ ಚೀಲದ ತುಂಬ ಕಿವಿಗಳು.

ಕೊಯ್ಲು ಮುಗಿದ ಗದ್ದೆಯಲ್ಲಿ ಡೇರೆ. ಪೈಂಟರು ಏಣಿಯ ಮೇಲೆ ನಿಂತು ಅರಮನೆಯ ಪರದೆಗೆ ಬಣ್ಣ ಹಾಕುತ್ತಿದ್ದರು. ಅತ್ತೆಯನ್ನು ಕಂಡವರೇ ಬಣ್ಣದ ಡಬ್ಬಿ ಸಮೇತ ಇಳಿದು ಬಂದರು.

"ಮುಂದಿನ ವಾರ ಕಿವಿ ಅಂತ ಹೇಳಿ ಹೋದವರು ನೀವು. ವಾರ ಆಗ್ಲಿಲ್ವಾ ಇನ್ನೂ?"

ಪೈಂಟರು ಕಾಲಬೆರಳಿನಿಂದ ಗದ್ದೆಯ ಮಣ್ಣು ಕೆದಕಿದರು. ಆಚೀಚೆ ನೋಡಿ, ಕಂಪೆನಿಯವರು ಯಾರೂ ಹತ್ತಿರವಿಲ್ಲವೆಂದು ಖಚಿತ ಮಾಡಿಕೊಂಡು ಸ್ವರ ತಗ್ಗಿಸಿದರು.

"ಎಂತ ಹೇಳುದಮ್ಮಾ... ನನಗೂ ಕಿವಿ ಬರುದಿಲ್ಲ."

"ಹ್ಞಾಂ?"

"ರಾಜನಿಗೆ ಕಿರೀಟ ಇರ್ತದೆ, ರಾಣಿಗೆ ಜಡೆ ಇರ್ತದೆ, ಋಷಿಗೆ ಜಟೆ ಇರ್ತದೆ. ನನಗೆ ಕಿವಿಯ ಅಗತ್ಯವೇ ಬೀಳ್ಲಿಲ್ಲ. ನೀವು ಬಿಡುದಿಲ್ಲ ಅಂತ ಗೊತ್ತಾಗಿಯೇ ಮುಂದಿನ ವಾರ ಅಂದದ್ದು."

ಅಕ್ಕಿಗಿರಣಿಯ ಸಾಹುಕಾರರ ಚಿತ್ರದಲ್ಲಿ ತಲೆಗೆ ಪೇಟ ಇತ್ತೆಂಬುದು ನನಗೆ ಆಗಲೇ ಹೊಳೆದದ್ದು! ಅತ್ತೆಗೆ ಸಿಟ್ಟು ಬರುತ್ತದೆಂದು ನಾನು ಕಾದೆ. ಅವರು ಬಿದ್ದು ಬಿದ್ದು ನಕ್ಕರು. ಸೆರಗಿನಿಂದ ಕಣ್ಣೊರೆಸಿಕೊಂಡು, ಚೀಲದ ರಟ್ಟುಗಳನ್ನು ಗದ್ದೆಯಲ್ಲಿ ಸಾಲಾಗಿ ಹರಡಿ, "ಕೂತ್ಕೊಳ್ಳಿ. ಹೊರಗಿನ ಮಡಿಕೆ ಹೀಗೆ, ಒಳಗಿನ ಗುಂಡಿ ಹೀಗೆ" ಎಂದು ಪಾಠ ಶುರು ಮಾಡಿದರು. ಪೈಂಟರು ಭಕ್ತಿಯಿಂದ ಕಲಿತರು. ಆ ಸಂಜೆಯೇ ಅರಮನೆಯ ಪರದೆಯಲ್ಲಿ ಬಾಗಿಲು ಕಾಯುತ್ತಿದ್ದ ಭಟನಿಗೆ ಎರಡು ಕಿವಿ ಮೂಡಿದವು. ಒಂದು ಗುರುವಿನದ್ದು, ಒಂದು ಶಿಷ್ಯೆಯದ್ದು. ಯಾವುದು ಯಾರದ್ದೆಂದು ನೋಡಿದ ಕೂಡಲೇ ಗೊತ್ತಾಗುವಂತಿತ್ತು. ಭಟ ಒಂದು ಕಿವಿಯಿಂದ ಮಾತ್ರ ಕೇಳುವವನ ಹಾಗಿದ್ದ.

ಊರಿಗೆ ಬಂದ ಮೇಲೆ ನಮ್ಮ ಮನೆಯಲ್ಲಿ ಮುಂಡಾಸುಗಳು ಪಟಪಟ ಉದುರಿದವು. ಎಲ್ಲರೂ ಮತ್ತೆ ಕೂರಬೇಕಾಯಿತು. ಮಾವನ ಮಫ್ಲರು ಹೋಯಿತು. ಮಫ್ಲರಿನ ಒಳಗಿದ್ದ ಕಿವಿಯಲ್ಲಿ ಪೊದೆಗಟ್ಟಲೆ ಕೂದಲಿತ್ತು. ಅತ್ತೆ ಒಂದೊಂದು ಕೂದಲನ್ನೂ ಬಿಡಿಸಿ ಬಿಡಿಸಿ ಬರೆದರು.

"ಇಷ್ಟೆಲ್ಲ ಬರೀಬೇಕಾ?" ಮಾವ ಗೋಗರೆದರು.

"ಇದ್ದದ್ದನ್ನು ಬರೆಯುದು. ನಾನು ನೆಟ್ಟದ್ದಲ್ಲ" ಎಂದರು ಅತ್ತೆ.

ಆ ಚಿತ್ರ ಅಂಗಡಿಯಲ್ಲಿ ಗಲ್ಲಾದ ಹಿಂದೆಯೇ ತೂಗಿತು. ಗಿರಾಕಿಗಳು ಚಿತ್ರದ ಕಿವಿ ನೋಡಿ, ಮಾವನ ಕಿವಿ ನೋಡಿ, ಮತ್ತೆ ಚಿತ್ರ ನೋಡಿ ತಲೆದೂಗುತ್ತಿದ್ದರು. ಮಾವ ಕ್ಷೌರಿಕನ ಹತ್ತಿರ ಹೋಗಿ ಕಿವಿ ಬೋಳಿಸಿಕೊಂಡು ಬಂದರು. ಆಗ ಅತ್ತೆಗೆ ನಿಜವಾದ ಸಿಟ್ಟು ಬಂತು. "ಚಿತ್ರ ಸುಳ್ಳು ಮಾಡಿದ್ರಲ್ಲ!" ಎಂದು ಎರಡು ದಿನ ಮಾತು ಬಿಟ್ಟರು. ಕೂದಲು ಮತ್ತೆ ಚಿಗುರಿದ ಮೇಲೆಯೇ ಮನೆಯಲ್ಲಿ ಶಾಂತಿ ನೆಲೆಸಿದ್ದು.

ಮತ್ತೊಬ್ಬರು ಬಂದು, ಕೈಯಲ್ಲೊಂದು ಚಿನ್ನದ ವಾಚು ಇರುವ ಹಾಗೆ ಬರೆದು ಕೊಡಿ ಎಂದರು. ವಾಚು ಅವರಲ್ಲಿ ಇರಲಿಲ್ಲ.

"ತಂದುಕೊಳ್ಳಿ, ಬರೀತೇನೆ."

"ಇದ್ದಿದ್ರೆ ನಿಮ್ಮ ಹತ್ತಿರ ಯಾಕೆ ಬರುದು ಅಮ್ಮಾ?" ಎಂದರು ಅವರು. ನ್ಯಾಯವಾದ ಮಾತು! ಆದರೂ ಅತ್ತೆ ಬರೆಯಲಿಲ್ಲ.

ಹೀಗೆ ವರ್ಷಗಳು ಬಣ್ಣ ಬಣ್ಣವಾಗಿ ಕಳೆದವು. ಬಟ್ಟೆ ಒಗೆಯಲು ಒಯ್ಯುತ್ತಿದ್ದವನು ನಮ್ಮ ಸೀರೆಗಳ ಮೇಲಿನ ಕಲೆ ನೋಡಿ, "ನಿಮ್ಮಲ್ಲಿ ದಿನಾ ಓಕುಳಿಯಾ?" ಎಂದು ಕೇಳುವುದನ್ನೂ ಬಿಟ್ಟಿದ್ದ. ನಂಟರು, ನೆರೆಯವರು, ಹಾಲಿನವನು, ಬಳೆಗಾರ್ತಿ ಎಲ್ಲರೂ ಒಂದಲ್ಲ ಒಂದು ದಿನ ಅತ್ತೆಯ ಎದುರಿನ ಕುರ್ಚಿಯಲ್ಲಿ ಕೂತವರೇ. ನಾನೊಬ್ಬಳು ಕೂತಿರಲಿಲ್ಲ. ಅಷ್ಟು ಮಂದಿಗೆ ಕಾಫಿ ಮಾಡಿ ಕೊಡುವವಳಿಗೆ ಕೂರಲು ಪುರುಸೊತ್ತೆಲ್ಲಿ?

ಅಂಥದ್ದೊಂದು ವರ್ಷ ನನಗೆ ಹೆಣ್ಣುಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಗೊತ್ತುಮಾಡಿದ್ದರು. ಅದಕ್ಕೆ ಮೊದಲೇ ಮಗುವಿಗೆ ಜ್ವರ ಬಂತು. ಮಗು ಉಳಿಯಲಿಲ್ಲ.

ಬಂದವರೆಲ್ಲ ಒಂದೇ ಮಾತು ಹೇಳಿದರು. ಅಳಬೇಡ, ನಿನಗೇನು ವಯಸ್ಸಾಯಿತು, ಇನ್ನೊಂದು ಆದೀತು. ಎದೆಹಾಲು ಇನ್ನೂ ಬತ್ತಿರದ ನನಗೆ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಅಳಲಿಲ್ಲ. ನನ್ನ ಗಂಡ ಅಂಗಡಿಯಿಂದ ಒಳಗೆ ಬಂದು, ನನ್ನನ್ನು ನೋಡಿ, ಮತ್ತೆ ಹೊರಗೆ ಹೋಗುತ್ತಿದ್ದರು. ಅವರ ಎದುರೂ ಅಳಲಿಲ್ಲ. ಬೇಗ ಎದ್ದೆ, ಅಡುಗೆ ಮಾಡಿದೆ, ಬಡಿಸಿದೆ. ಸೊಸೆ ಗಟ್ಟಿಗಿತ್ತಿ ಎಂದು ಬಂದವರು ಮೆಚ್ಚಿದರು.

ಒಂದು ದಿನ ಬೆಳಗ್ಗೆ ನಾನು ಕಾಯಿ ಹೆರೆಯುತ್ತಿದ್ದೆ. ಅತ್ತೆ ಬಂದು ನನ್ನ ಕೈಯಿಂದ ಕಾಯಿಯ ಹೋಳು ತೆಗೆದು ಪಕ್ಕಕ್ಕಿಟ್ಟರು.

"ಬಾ. ಚಿತ್ರಕ್ಕೆ ಕೂರ್ಲಿಕ್ಕುಂಟು."

"ಈಗ ಬೇಡ ಅತ್ತೆ."

"ಬಾ" ಎಂದರು.

ಕಿಟಕಿಯ ಬೆಳಕು ಬೀಳುವ ಕುರ್ಚಿಯಲ್ಲಿ ಕೂರಿಸಿದರು. ಬಾಗಿಲಿಗೆ ಅಗುಳಿ ಹಾಕಿದರು. ಬಟ್ಟೆ ಬಿಗಿದ ಚೌಕಟ್ಟು ನನಗೆ ಬೆನ್ನು ಹಾಕಿ ನಿಂತಿತ್ತು, ಅತ್ತೆ ಅದರ ಆಚೆಗೆ. ಹೊರಗೆ ಯಾರೋ ಬಂದ ಸದ್ದಾಯಿತು. ನನ್ನನ್ನು ಮಾತಾಡಿಸಲು ಬಂದವರು.

"ಈಗ ಆಗುದಿಲ್ಲ. ಅವಳು ಚಿತ್ರಕ್ಕೆ ಕೂತಿದ್ದಾಳೆ" ಎಂದು ಅತ್ತೆ ಒಳಗಿನಿಂದಲೇ ಹೇಳಿದರು. ಬಂದವರು ಗೊಣಗಿದ್ದು ಕೇಳಿಸಿತು. ಇಂಥ ಹೊತ್ತಿನಲ್ಲೂ ಇವರ ಹುಚ್ಚು ನೋಡಿ ಎಂದು.

ಕುಂಚ ಬಟ್ಟೆಯ ಮೇಲೆ ಸರಸರ ಆಡತೊಡಗಿತು. ಸ್ವಲ್ಪ ಹೊತ್ತಿಗೆ, ಚೌಕಟ್ಟಿನ ಹಿಂದಿನಿಂದ ಅವರ ಸ್ವರ ಬಂತು.

"ಅಳುದಾದ್ರೆ ಅಳು. ನನಗೆ ಅಡ್ಡಿ ಇಲ್ಲ."

ನಾನು ಅತ್ತುಬಿಟ್ಟೆ. ಎಷ್ಟು ಹೊತ್ತೋ ಗೊತ್ತಿಲ್ಲ. ಅವರು ಸಮಾಧಾನ ಹೇಳಲಿಲ್ಲ, ಎದ್ದು ಬಂದು ತಲೆ ನೇವರಿಸಲೂ ಇಲ್ಲ. ಕುಂಚದ ಸದ್ದು ಮಾತ್ರ ನಿಲ್ಲಲಿಲ್ಲ. ಮರುದಿನವೂ ಕೂರಿಸಿದರು. ಅದರ ಮರುದಿನವೂ. ಆ ಹೊತ್ತಿಗೆ ಒಲೆಯ ಮುಂದೆ ಮಾವನೇ ಕೂತು ಗಂಜಿ ಬೇಯಿಸುತ್ತಿದ್ದರು. ನನ್ನನ್ನು ಯಾರೂ ಕರೆಯಲಿಲ್ಲ. ದಿನದಲ್ಲಿ ಅಷ್ಟು ಹೊತ್ತು ನಾನು ಯಾರಿಗೂ ಗಟ್ಟಿಗಿತ್ತಿಯಾಗಬೇಕಾಗಿರಲಿಲ್ಲ.

ತಿಂಗಳು ಕಳೆದಿರಬೇಕು. ಒಂದು ದಿನ ಅತ್ತು ಮುಗಿದು, ಮುಖ ಒರೆಸಿಕೊಂಡು ಎದ್ದು ಹೋಗಿ ಚೌಕಟ್ಟಿನ ಆಚೆ ನಿಂತು ನೋಡಿದೆ. ನನ್ನ ಹಿಂದಿನ ಗೋಡೆ ಇತ್ತು. ಸುಣ್ಣ ಎದ್ದ ಜಾಗವೂ ಬಿಡದಂತೆ ಇತ್ತು. ಕಿಟಕಿಯ ಸರಳು, ಅದರ ನೆರಳು, ಕುರ್ಚಿಯ ಕೈ, ನನ್ನ ಸೀರೆಯ ನೆರಿಗೆ, ಮಡಿಲಲ್ಲಿ ಸುಮ್ಮನೆ ಬಿದ್ದಿದ್ದ ನನ್ನ ಎರಡು ಕೈಗಳು, ಎಲ್ಲವೂ ಇದ್ದವು. ಒಂದರ ಮೇಲೊಂದು ಬಣ್ಣ ಕೂತು ದಪ್ಪವಾಗಿದ್ದವು. ಮುಖ ಇರಬೇಕಾದಲ್ಲಿ ಮಾತ್ರ ಬಿಳಿ ಬಟ್ಟೆ ಹಾಗೆಯೇ ಇತ್ತು.

"ಮುಖ ಬರೆಯಲೇ ಇಲ್ವಾ ಅತ್ತೆ?"

ಅತ್ತೆ ಕುಂಚವನ್ನು ಸೆರಗಿನ ತುದಿಗೆ ಒರೆಸಿಕೊಂಡರು. ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು.

"ಅದು ಇನ್ನೂ ಬರ್ಲಿಲ್ಲ ಮಗಾ. ಅವಸರ ಇಲ್ಲ. ಬಂದಾಗ ಬರೆಯುವ."

ನಾನು ಹೋಗಿ ಮತ್ತೆ ಕುರ್ಚಿಯಲ್ಲಿ ಕೂತೆ.